ಹಾಜರಾತಿ ಪುಸ್ತಕದಲ್ಲಿ ಕಾಣದ ಆಫ್ರಿಕಾ

ನಮ್ಮಂಥ ಅತಿಥಿ ಉಪನ್ಯಾಸಕರಿಗೆ ಕಾಯಂ ಅನ್ನುವುದು ಬಸ್ಸಿನ ಸೀಟೊಂದೇ. ಅದೂ ಬೇಗ ಹತ್ತಿದರೆ. ನನ್ನೂರು ನ್ಯಾಮತಿ ಕಡೆಯ ಒಂದು ಹಳ್ಳಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿದ್ದು ಈಚೆಗೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಮೇಲೆ ಮೊದಲು ಹೊನ್ನಾಳಿ, ಆಮೇಲೆ ಜಗಳೂರು, ಆಮೇಲೆ ಚನ್ನಗಿರಿ ಕಡೆಯ ಒಂದು ಕಾಲೇಜು, ಹೀಗೆ ದಾವಣಗೆರೆ ಜಿಲ್ಲೆಯ ಒಂದೊಂದು ಮೂಲೆಯಲ್ಲೂ ಸೀಮೆಸುಣ್ಣ ಹಿಡಿದಿದ್ದೇನೆ. ಒಂದು ಕಡೆ ಸೂಳೆಕೆರೆಯ ನೀರು ಕುಡಿದ ಅಡಿಕೆ ತೋಟ, ಇನ್ನೊಂದು ಕಡೆ ಮುಗಿಲು ನೋಡುತ್ತಾ ಕೂತ ಜಗಳೂರಿನ ಎರೆಹೊಲ. ಎಲ್ಲಿ ಹೋದರೂ ಬದಲಾಗದೆ ನನ್ನ ಜೊತೆಗಿದ್ದದ್ದು ಅಭಿವೃದ್ಧಿ ಅರ್ಥಶಾಸ್ತ್ರದ ನೋಟ್ಸು. ಅದರಲ್ಲಿ ಆಫ್ರಿಕಾಕ್ಕೆ ಒಂದೂವರೆ ಪುಟ. ಬಡತನ, ಹಸಿವು, ಜನಸಂಖ್ಯೆ, ಅಂತರ್ಯುದ್ಧ, ವಿದೇಶಿ ಸಾಲ. ಐದು ಅಂಶ, ಐದು ಅಂಕ. ವರ್ಷ ವರ್ಷ ಅದನ್ನೇ ಬರೆಸುತ್ತಿದ್ದೆ.

ಚನ್ನಗಿರಿ ಕಡೆಯ ಆ ಕಾಲೇಜಿನಲ್ಲಿ ನನ್ನ ಹಾಜರಾತಿ ಪುಸ್ತಕದ ಒಂದು ಹೆಸರಿನ ಮುಂದೆ ಸೊನ್ನೆಗಳ ಸಾಲು ಬೆಳೆಯುತ್ತಾ ಹೋಯಿತು. 2022ರ ಕೊನೆಯ ತಿಂಗಳುಗಳು. ಎರಡು ತಿಂಗಳಾದರೂ ಆ ಹುಡುಗಿಯ ಸುದ್ದಿಯಿಲ್ಲ. ಮದುವೆ ಆಗಿರಬೇಕು ಅಂದುಕೊಂಡೆ. ನಮ್ಮ ಕಡೆ ಬಿ.ಎ. ಓದುವ ಹುಡುಗಿ ತರಗತಿಗೆ ಬರದಿದ್ದರೆ ಮೇಷ್ಟ್ರುಗಳು ಮೊದಲು ಅಂದುಕೊಳ್ಳುವುದೇ ಅದು. ಒಂದು ಸೋಮವಾರ ಕೊನೆಯ ಬೆಂಚಿನಲ್ಲಿ ಬಂದು ಕೂತಿದ್ದಳು.

"ಎಲ್ಲಿಗೆ ಹೋಗಿದ್ದೆಯಮ್ಮಾ ಇಷ್ಟು ದಿನ?" ಅಂದೆ.

ಅವಳು ಬಾಯಿ ಬಿಡುವ ಮೊದಲೇ ಹುಡುಗರ ಸಾಲಿನಿಂದ "ಎಣ್ಣೆ ಮಾರಾಕ್ ಹೋಗಿದ್ಲು ಸರ್" ಅಂತ ಒಂದು ದನಿ ಬಂತು. ತರಗತಿ ನಕ್ಕಿತು. ನಾನೂ ನಕ್ಕೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

"ಗ್ಯಾಬೊನ್ ಸರ್" ಅಂದಳು ಅವಳು.

ಗ್ಯಾಬೊನ್ ಒಂದು ದೇಶ ಎಂದು ಗೊತ್ತಿತ್ತು. ಆಫ್ರಿಕಾದಲ್ಲಿದೆ ಎಂದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಒಂದಕ್ಷರ ಗೊತ್ತಿರಲಿಲ್ಲ. ಆಫ್ರಿಕಾದ ಹಿಂದುಳಿದಿರುವಿಕೆಗೆ ಕಾರಣಗಳನ್ನು ಹಿಂದಿನ ವಾರವಷ್ಟೇ ಬರೆಸಿ ಮುಗಿಸಿದ್ದ ಮೇಷ್ಟ್ರು ನಾನು.

ಹಕ್ಕಿಪಿಕ್ಕಿಗಳ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಹಕ್ಕಿ ಹಿಡಿದು, ಬೇಟೆಯಾಡಿ, ಊರೂರು ಅಲೆದು ಬದುಕುತ್ತಿದ್ದ ಸಮುದಾಯ. ಮನೆಮಾತು ವಾಗ್ರಿ, ಗುಜರಾತಿಗೆ ಹತ್ತಿರದ ನುಡಿ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರ ಕುಲಕಸುಬು ಅಪರಾಧವಾಯಿತು. ಸರ್ಕಾರ ಅಲ್ಲಲ್ಲಿ ನೆಲೆ ಕಲ್ಪಿಸಿತು. ಹುಣಸೂರಿನ ಪಕ್ಷಿರಾಜಪುರ ಅಂಥದ್ದು, ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳುಗಳಲ್ಲೂ ಅವರಿದ್ದಾರೆ. ಬೇಟೆ ಬಿಟ್ಟವರು ಗಿಡಮೂಲಿಕೆ, ತಲೆಗೂದಲ ಎಣ್ಣೆ, ಮಸಾಜಿನ ಎಣ್ಣೆ ಹಿಡಿದು ಮೊದಲು ದೇಶದ ಜಾತ್ರೆ ಸಂತೆಗಳಿಗೆ ಹೋದರು. ಆಮೇಲೆ ವಿಮಾನ ಹತ್ತಿದರು. ಕಳೆದ ಎರಡು ದಶಕಗಳಿಂದ ಆಫ್ರಿಕಾದ ಹಲವು ದೇಶಗಳು ಅವರ ಸಂತೆಯಾಗಿವೆ. ನಮ್ಮ ತಾಲ್ಲೂಕುಗಳಲ್ಲಿ ಬೆಂಗಳೂರು ನೋಡದ ರೈತರಿದ್ದಾರೆ. ಅವರ ಹೊಲದ ಪಕ್ಕದ ಕ್ಯಾಂಪಿನಲ್ಲಿ ನಾಲ್ಕು ದೇಶದ ಮುದ್ರೆ ಬಿದ್ದ ಪಾಸ್‌ಪೋರ್ಟುಗಳಿವೆ.

ಆ ದಿನ ತರಗತಿ ಮುಗಿದ ಮೇಲೆ ಅವಳನ್ನು ಕರೆದು ಮಾತಾಡಿಸಿದೆ. ಕುತೂಹಲಕ್ಕಿಂತ ಹೆಚ್ಚಾಗಿ, ನಕ್ಕಿದ್ದಕ್ಕೆ ಮನಸ್ಸಿನಲ್ಲಿ ಒಂದು ಕಸಿವಿಸಿ ಇತ್ತು. ಅಪ್ಪ ಅಮ್ಮನ ಜೊತೆ ಹೋಗಿದ್ದಳಂತೆ. ಅವರಿಬ್ಬರಿಗೂ ಓದು ಬರದು. ಬಿಲ್ಲು, ಫಾರಂ, ಮೊಬೈಲು ನೋಡಿಕೊಳ್ಳುವುದು ಇವಳ ಕೆಲಸ. ಅಲ್ಲಿ ಫ್ರೆಂಚ್ ಮಾತಾಡುತ್ತಾರೆ, ವ್ಯಾಪಾರಕ್ಕೆ ಬೇಕಾಗುವಷ್ಟು ಕಲಿತಿದ್ದಾಳೆ. ನಾನು "ದುಡ್ಡಿನ ಲೆಕ್ಕ ಹೇಗೆ?" ಅಂದೆ.

"ಸೇಫಾ ಅಂತಾರೆ ಸರ್. ಕ್ಯಾಮರೂನ್ ನೋಟು ಗ್ಯಾಬೊನ್‌ನಾಗೆ ನಡೀತೈತಿ. ಸೆನೆಗಲ್‌ದು ನಡೆಯಂಗಿಲ್ಲ. ಹೆಸರು ಒಂದೇ, ಬೆಲೆನೂ ಒಂದೇ, ನೋಟು ಬ್ಯಾರೆ. ನಮ್ಮ ದೊಡ್ಡಪ್ಪ ಒಂದ್ಸಲ ಆ ಕಡೆಯಿಂದ ನೋಟಿನ ಕಟ್ಟು ತಂದು ಸಿಕ್ಕಾಕ್ಕೊಂಡಿದ್ರು."

ಮನೆಗೆ ಹೋಗಿ ಓದಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಸಿಎಫ್‌ಎ ಫ್ರಾಂಕ್ 1945ರಲ್ಲಿ ಫ್ರಾನ್ಸ್ ತನ್ನ ವಸಾಹತುಗಳಿಗಾಗಿ ಹುಟ್ಟಿಸಿದ ನಾಣ್ಯ. ಆ ಮೂರಕ್ಷರಗಳಲ್ಲಿ ಮೊದಲನೆಯದು ಆಗ 'ವಸಾಹತು' ಎಂಬುದನ್ನೇ ಸೂಚಿಸುತ್ತಿತ್ತು. 1960ರಲ್ಲಿ ಗ್ಯಾಬೊನ್ ಸ್ವತಂತ್ರವಾಯಿತು, ನಾಣ್ಯ ಮಾತ್ರ ಉಳಿಯಿತು. ಪಶ್ಚಿಮ ಆಫ್ರಿಕಾಕ್ಕೆ ಒಂದು, ಮಧ್ಯ ಆಫ್ರಿಕಾಕ್ಕೆ ಇನ್ನೊಂದು. ಎರಡಕ್ಕೂ ಒಂದೇ ದರ, ಒಂದು ಯೂರೋಗೆ 655.957 ಫ್ರಾಂಕ್. ಈ ದರಕ್ಕೆ ಖಾತರಿ ಪ್ಯಾರಿಸ್ಸಿನ ಖಜಾನೆಯದು. ಇನ್ನೊಂದು ವಿಷಯವೂ ತಿಳಿಯಿತು. ಎಣ್ಣೆಬಾವಿಗಳಿಂದಾಗಿ ಗ್ಯಾಬೊನ್‌ನ ತಲಾ ಆದಾಯ ಭಾರತಕ್ಕಿಂತ ಎಷ್ಟೋ ಹೆಚ್ಚು. ಆದರೂ ಅಲ್ಲಿನ ಸುಮಾರು ಮೂರರಲ್ಲಿ ಒಂದು ಪಾಲು ಜನ ಬಡವರು. ನನ್ನ ಐದು ಅಂಶಗಳಲ್ಲಿ ಯಾವುದೂ ಇದನ್ನು ವಿವರಿಸುತ್ತಿರಲಿಲ್ಲ. ಗ್ಯಾನಾದ ವಿಷಯವೇ ಬೇರೆ, ಇಥಿಯೋಪಿಯಾದ ವಿಷಯವೇ ಬೇರೆ. ಐವತ್ತನಾಲ್ಕು ದೇಶಗಳನ್ನು ಒಂದೂವರೆ ಪುಟದಲ್ಲಿ ಕಟ್ಟಿಹಾಕಿ ನಾನು ಮಕ್ಕಳಿಗೆ ಹಂಚುತ್ತಿದ್ದೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಮಾಡಿದ್ದೇನು? ಏನೂ ಇಲ್ಲ. ಸೆಮಿಸ್ಟರ್ ಕೊನೆಯಲ್ಲಿ ಹಾಜರಾತಿ ಕೊರತೆಯ ಪಟ್ಟಿ ಕೇಳಿದರು. ಶೇಕಡಾ 75 ಇಲ್ಲದವರ ಹೆಸರು, ಪಕ್ಕದಲ್ಲಿ ಉಪನ್ಯಾಸಕರ ಷರಾ. ಅವಳ ಹೆಸರಿನ ಮುಂದೆ "ಓದಿನಲ್ಲಿ ಆಸಕ್ತಿ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಮುಂಚಿನ ಹೆಸರಿಗೂ ಅದನ್ನೇ ಬರೆದಿದ್ದೆ, ಆಮೇಲಿನ ಹೆಸರಿಗೂ ಅದನ್ನೇ ಬರೆದೆ. ಬಸ್ಸಿನ ಹೊತ್ತಾಗಿತ್ತು. ಅವಳಿಗೆ ಆ ಸಲ ಪರೀಕ್ಷೆಗೆ ಕೂರಲು ಆಗಲಿಲ್ಲ.

ಆದರೂ ಅವಳು ತರಗತಿಗೆ ಬರುವುದನ್ನು ಬಿಡಲಿಲ್ಲ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾಯಿತು. ದೇಶದ ಸೇನೆ ಒಂದು ಕಡೆ, ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ ಇನ್ನೊಂದು ಕಡೆ. ಮೂರ್ನಾಲ್ಕು ದಿನಕ್ಕೆ ಆ ಸುದ್ದಿ ನಮ್ಮ ಪತ್ರಿಕೆಗಳ ಮುಖಪುಟಕ್ಕೆ ಬಂತು. ಡಾರ್ಫರ್ ಪ್ರಾಂತ್ಯದ ಅಲ್ ಫಾಶಿರ್ ಎಂಬ ಊರಿನಲ್ಲಿ ಕರ್ನಾಟಕದ ಮೂವತ್ತಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಿದ್ದಾರೆ, ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು, ಊಟ ನೀರಿಲ್ಲ, ಹೊರಗೆ ಗುಂಡಿನ ಸದ್ದು. ವಿಧಾನಸಭಾ ಚುನಾವಣೆ ಮೇ 10ಕ್ಕೆ. ಹಾಗಾಗಿ ಮೊದಲ ಎರಡು ದಿನ ಸುದ್ದಿಯಾದದ್ದು ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ಅವರ ಟ್ವಿಟರ್ ಜಟಾಪಟಿ.

ನಮ್ಮ ತರಗತಿಯಲ್ಲಿ ಅವಳು ಮೊಬೈಲನ್ನು ಪುಸ್ತಕದ ಅಡಿಯಲ್ಲಿಟ್ಟುಕೊಂಡು ಕೂತಿದ್ದಳು. ನೆಂಟರು ಅಲ್ಲಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಹಿಂದೆ ನಕ್ಕಿದ್ದ ಹುಡುಗನೇ ಎದ್ದು ಕೇಳಿದ: "ಸರ್, ಅಲ್ಲಿ ಯಾಕೆ ಹೊಡೆದಾಡ್ತಾವ್ರೆ?"

"ಅಂತರ್ಯುದ್ಧ" ಅನ್ನುವುದು ನನ್ನ ನೋಟ್ಸಿನ ನಾಲ್ಕನೇ ಅಂಶ. ಅದನ್ನು ಹೇಳಿದರೆ ಅವನ ಪ್ರಶ್ನೆಯನ್ನೇ ತಿರುಗಿಸಿ ಅವನಿಗೆ ಕೊಟ್ಟಂತೆ. "ನಾಳೆ ಹೇಳ್ತೀನಿ" ಅಂದೆ. ಆ ರಾತ್ರಿ ಕೂತು ಓದಿದೆ. ಬ್ರಿಟಿಷರ ಕಾಲದಿಂದ ನೈಲ್ ದಂಡೆಗೆ ಸಿಕ್ಕ ಹಣ, ಅಧಿಕಾರ ಡಾರ್ಫರ್‌ನಂಥ ಅಂಚಿನ ಸೀಮೆಗಳಿಗೆ ಸಿಗದೇ ಹೋದದ್ದು. 2003ರಲ್ಲಿ ಅಲ್ಲಿನವರು ಬಂಡೆದ್ದಾಗ ಸರ್ಕಾರವೇ ಜಂಜಾವೀದ್ ಎಂಬ ಹತಾರಿ ಗುಂಪುಗಳನ್ನು ಅವರ ಮೇಲೆ ಬಿಟ್ಟದ್ದು. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾಗಿ ತೈಲದ ಹೆಚ್ಚಿನ ಪಾಲು ಆ ಕಡೆ ಹೋದದ್ದು. ಚಿನ್ನದ ಗಣಿಗಳು ಶಸ್ತ್ರ ಹಿಡಿದವರ ಕೈಗೆ ಸಿಕ್ಕದ್ದು. ಆ ಗುಂಪುಗಳೇ ಬೆಳೆದು ಆರ್‌ಎಸ್‌ಎಫ್ ಆಗಿ ರಾಜಧಾನಿಯ ಬಾಗಿಲಿಗೆ ಬಂದದ್ದು. ಮರುದಿನ ಕಪ್ಪುಹಲಗೆಯ ಮೇಲೆ ನಕ್ಷೆ ಬರೆದು ಇದನ್ನೆಲ್ಲ ಹೇಳಿದೆ. ನನ್ನ ವೃತ್ತಿಯಲ್ಲಿ ಆಫ್ರಿಕಾವನ್ನು ಪಾಠ ಮಾಡಿದ್ದು ಅದೇ ಮೊದಲು. ಅದಕ್ಕೆ ಮೊದಲು ಬರೆಸಿದ್ದೆ, ಅಷ್ಟೆ.

ಹುಡುಗನಿಗೆ ಇನ್ನೊಂದು ಪ್ರಶ್ನೆ ಇತ್ತು. ಈ ಸಲ ಅವಳ ಕಡೆ ತಿರುಗಿ ಕೇಳಿದ: "ಅಂಥಾ ದೇಶಕ್ಕೆ ಯಾಕ್ ಹೋಗ್ತೀರಿ?"

"ಸಾಲ ತಂದಿರ್ತೀವಿ. ಟಿಕೆಟಿಗೆ, ಮಾಲಿಗೆ, ವೀಸಾಕ್ಕೆ. ನೂರಕ್ಕೆ ಐದರಂಗೆ, ಹತ್ತರಂಗೆ ಬಡ್ಡಿ. ಇಲ್ಲಿದ್ರೆ ತೀರಂಗಿಲ್ಲ" ಅಂದಳು. ಯಾರೂ ನಗಲಿಲ್ಲ. ಅಡಿಕೆ ತೋಟಕ್ಕೆ ಬೋರ್‌ವೆಲ್ ಕೊರೆಸಿ ಸಾಲವಾದ ಮನೆಗಳ ಮಕ್ಕಳೇ ಅಲ್ಲಿ ಕೂತಿದ್ದವರು.

ಏಪ್ರಿಲ್ 24ಕ್ಕೆ 'ಆಪರೇಷನ್ ಕಾವೇರಿ' ಶುರುವಾಯಿತು. ಪೋರ್ಟ್ ಸುಡಾನ್‌ನಿಂದ ಹಡಗಿನಲ್ಲಿ, ವಿಮಾನದಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ. ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚು ಭಾರತೀಯರು ಹೀಗೆ ಬಂದರು. ಅವಳ ನೆಂಟರೂ ಬಂದರು. ಮಾಲು ಅಲ್ಲೇ ಉಳಿಯಿತು, ಬಡ್ಡಿ ಇಲ್ಲಿ ಕಾಯುತ್ತಿತ್ತು. ಅವರಿಗೆ ಆಶ್ರಯ ಕೊಟ್ಟಿದ್ದ ಅಲ್ ಫಾಶಿರ್ 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ವಶವಾಗಿ, ಅಲ್ಲಿನ ಸಾಮೂಹಿಕ ಕೊಲೆಗಳ ಸುದ್ದಿ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಒಳಪುಟದ ಒಂದು ಕಾಲಂ. ನಮ್ಮವರು ಯಾರೂ ಅಲ್ಲಿರಲಿಲ್ಲವಲ್ಲ.

ಇಲ್ಲಿ ನನ್ನ ಅಪ್ಪನ ಹೊಲದ ವಿಷಯವೊಂದನ್ನು ಹೇಳಬೇಕು. ಆಫ್ರಿಕಾ ಎಂದರೆ ಹಕ್ಕಿಪಿಕ್ಕಿಗಳಿಗೆ ಮಾತ್ರ ಸಂಬಂಧಪಟ್ಟದ್ದು ಎಂದು ನಾನೂ ಸ್ವಲ್ಪ ದಿನ ತಿಳಿದಿದ್ದೆ.

ನಮ್ಮದು ಮೆಕ್ಕೆಜೋಳದ ಸೀಮೆ. ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿ ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಅದೇ ಹಸಿರು. 2018ರಲ್ಲಿ ಅಪ್ಪನ ಹೊಲದಲ್ಲಿ ಸುಳಿಯೆಲ್ಲ ತೂತು ತೂತಾಗಿ, ಒಳಗೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿಕೊಂಡಿತು. ಲದ್ದಿ ಹುಳು ಅಂದರು, ಸೈನಿಕ ಹುಳು ಅಂದರು. ಅಂಗಡಿಯವನು ಕೊಟ್ಟ ಔಷಧಿಯನ್ನು ಅಪ್ಪ ಮೂರು ಸಲ ಹೊಡೆದರು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊಟ್ಟಮೊದಲು ಗುರುತಿಗೆ ಸಿಕ್ಕಿದ್ದೇ ಆ ವರ್ಷದ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ. ಆದರೆ 2016ರಲ್ಲೇ ಅದು ಪಶ್ಚಿಮ ಆಫ್ರಿಕಾಕ್ಕೆ ಬಂದಿತ್ತು. ಎರಡೇ ವರ್ಷದಲ್ಲಿ ಸಹಾರಾದ ಕೆಳಗಿನ ಬಹುತೇಕ ದೇಶಗಳ ಮೆಕ್ಕೆಜೋಳವನ್ನು ತಿಂದು ಹಾಕಿತ್ತು. ಔಷಧಿ ಕೊಳ್ಳಲಾಗದ ಅಲ್ಲಿನ ಸಣ್ಣ ರೈತರು ಸುಳಿಗೆ ಮರಳು, ಬೂದಿ ಹಾಕಿ, ಮೊಟ್ಟೆಗಳನ್ನು ಕೈಯಲ್ಲೇ ಹೊಸಕಿ ಹೋರಾಡುತ್ತಿದ್ದರು. ಕೀನ್ಯಾದ ಕೀಟವಿಜ್ಞಾನಿಗಳು ಕಾಂಡಕೊರಕಕ್ಕೆಂದು ಮೊದಲೇ ಕಂಡುಹಿಡಿದಿದ್ದ ಉಪಾಯ ಈ ಹುಳುವಿಗೂ ನಾಟಿತ್ತು. ಸಾಲಿನ ನಡುವೆ ಡೆಸ್ಮೋಡಿಯಂ ಎಂಬ ಮೇವಿನ ಬಳ್ಳಿ, ಹೊಲದ ಸುತ್ತ ನೇಪಿಯರ್‌ನಂಥ ಹುಲ್ಲು. ಬಳ್ಳಿಯ ವಾಸನೆ ಚಿಟ್ಟೆಯನ್ನು ಓಡಿಸುತ್ತದೆ, ಹುಲ್ಲು ತನ್ನತ್ತ ಸೆಳೆಯುತ್ತದೆ. ನಮ್ಮಲ್ಲಿ ಡೇರಿಗೆ ಹಾಲು ಹಾಕುವವರ ಹಿತ್ತಲಲ್ಲೆಲ್ಲ ಇರುವ ಅದೇ ನೇಪಿಯರ್.

ಜಗಳೂರಿನಲ್ಲಿ ಒಮ್ಮೆ ತರಗತಿಯಲ್ಲಿ ಇದನ್ನು ಹೇಳಿದಾಗ ರೈತರ ಮನೆಯ ಹುಡುಗನೊಬ್ಬ, "ಅವರಿಗೆ ಎರಡು ವರ್ಷ ಮೊದಲೇ ಗೊತ್ತಿತ್ತಲ್ಲ ಸರ್, ನಮಗ್ಯಾಕೆ ಯಾರೂ ಹೇಳಲಿಲ್ಲ?" ಅಂದ.

ಈ ಪ್ರಶ್ನೆಯ ಮುಂದೆ ನನ್ನ ಇಡೀ ಸಿಲೆಬಸ್ಸು ಸಣ್ಣದಾಗಿ ಕಂಡಿತು. ಆಫ್ರಿಕಾವನ್ನು ನಾವು ಕೊರತೆಗಳ ಪಟ್ಟಿ ಎಂದು ಓದುತ್ತೇವೆ. ಪಟ್ಟಿ ಓದಿದವನಿಗೆ ಅಲ್ಲಿಂದ ಕಲಿಯುವುದೇನಾದರೂ ಇರಬಹುದು ಎಂದು ಅನ್ನಿಸುವುದೇ ಇಲ್ಲ. ಹಿಂದೆ ಹೀಗಿರಲಿಲ್ಲ. ನಾವು ತಿನ್ನುವ ರಾಗಿಯ ಮೂಲ ಇಥಿಯೋಪಿಯಾ, ಉಗಾಂಡಾದ ಎತ್ತರದ ಸೀಮೆ. ಜೋಳ ಸುಡಾನ್ ಕಡೆಯದು, ಸಜ್ಜೆ ಪಶ್ಚಿಮ ಆಫ್ರಿಕಾದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಹೆಚ್ಚು ಇಳುವರಿಯ ತಳಿಗಳನ್ನು ತೆಗೆದರು. ಅವುಗಳ ಹೆಸರೇ ಇಂಡಾಫ್, ಇಂಡಿಯಾ ಮತ್ತು ಆಫ್ರಿಕಾ. ಹಳ್ಳಿಯಲ್ಲಿ ಇಂಡಾಫ್ ಬಿತ್ತಿದ ಎಷ್ಟೋ ಜನಕ್ಕೆ ಆ ಹೆಸರಿನ ಅರ್ಥ ಗೊತ್ತಿರಲಿಕ್ಕಿಲ್ಲ. ಎಂ.ಎ. ಮಾಡಿದ ನನಗೂ ಗೊತ್ತಿರಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಈ ವಿಷಯದಲ್ಲಿ ನಮಗಿಂತ ವಾಸಿ. ಅಚಿಬೆಯನ್ನು, ಗೂಗಿಯನ್ನು ಓದಿದ ಕನ್ನಡ ಎಂ.ಎ. ಹುಡುಗರಿಗೆ ಆಫ್ರಿಕಾದಲ್ಲಿ ಮನುಷ್ಯರಿದ್ದಾರೆ ಎಂದಾದರೂ ಗೊತ್ತು. ಅರ್ಥಶಾಸ್ತ್ರದಲ್ಲಿ ನಮಗೆ ಸಿಕ್ಕಿದ್ದು ಶೇಕಡಾವಾರು.

ಅವಳು ಮರುವರ್ಷ ಪರೀಕ್ಷೆ ಬರೆದು, ಉಳಿದ ವಿಷಯಗಳನ್ನೂ ಪಾಸು ಮಾಡಿಕೊಂಡು ಬಿ.ಎ. ಮುಗಿಸಿದಳು. ಅಷ್ಟು ಹೊತ್ತಿಗೆ ನಾನು ಬೇರೆ ಕಾಲೇಜಿಗೆ ಬಂದಿದ್ದೆ. ಒಂದು ದಿನ ಫೋನು ಬಂತು. "ಸರ್, ಆಫ್ರಿಕಾ ಬಗ್ಗೆನೇ ಓದೋ ಎಂ.ಎ. ಐತಂತೆ, ಹೌದಾ?"

ಹೌದು, ಇದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ, ಓದುವ ಮಕ್ಕಳಿಗೆ ಉಪಯೋಗವಾಗಬಹುದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 1955ರಲ್ಲೇ, ಆಫ್ರಿಕಾದ ಬಹುಪಾಲು ದೇಶಗಳು ಇನ್ನೂ ಸ್ವತಂತ್ರವಾಗುವ ಮೊದಲೇ, ಆಫ್ರಿಕಾ ಅಧ್ಯಯನ ವಿಭಾಗ ಶುರುವಾಯಿತು. ಅಲ್ಲಿ ಸ್ವಾಹಿಲಿ ಭಾಷೆಯನ್ನೂ ಕಲಿಸುತ್ತಾ ಬಂದಿದ್ದಾರೆ. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ 1971ರಿಂದ ಆಫ್ರಿಕಾ ಅಧ್ಯಯನ ಕೇಂದ್ರವಿದೆ. ಜೆ.ಎನ್.ಯು.ನಲ್ಲಿಯೂ ಇದೆ. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ ಯಾವುದನ್ನು ಓದಿದವರೂ ಈ ಕಡೆ ಹೊರಳಬಹುದು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ20 ಸಭೆಯಲ್ಲಿ ಆಫ್ರಿಕಾ ಒಕ್ಕೂಟ ಸದಸ್ಯನಾಯಿತು. ಅದೇ ವರ್ಷ ಮದ್ರಾಸ್ ಐಐಟಿ ಜಾಂಜಿಬಾರ್‌ನಲ್ಲಿ ತನ್ನ ಕ್ಯಾಂಪಸ್ ತೆರೆಯಿತು. ಆಫ್ರಿಕಾವನ್ನು ಬಲ್ಲವರು ಬೇಕಾಗಿರುವ ಕಾಲ ಇದು. ಆಫ್ರಿಕಾದ ನೆಲದಲ್ಲೇ ಕಟ್ಟಿದ ಓದೂ ಇದೆ. ಯುರೋಪು ಆಫ್ರಿಕಾವನ್ನು ಹೇಗೆ ಹಿಂದುಳಿಸಿತು ಎಂದು ಕೇಳಿದ ವಾಲ್ಟರ್ ರಾಡ್ನಿಯ ಪುಸ್ತಕ ಬಂದದ್ದು 1972ರಲ್ಲಿ, ಅವನು ತಾಂಜಾನಿಯಾದ ದಾರ್-ಎಸ್-ಸಲಾಮ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ. 'ಹಿಂದುಳಿದಿದೆ' ಎನ್ನುವುದಕ್ಕೂ 'ಹಿಂದುಳಿಸಿದರು' ಎನ್ನುವುದಕ್ಕೂ ಇರುವ ವ್ಯತ್ಯಾಸ ನನ್ನ ನೋಟ್ಸಿನಲ್ಲಿ ಇರಲೇ ಇಲ್ಲ.

ಆದರೆ ಅವಕಾಶ ಎಂದರೆ ದೆಹಲಿ ಮುಂಬಯಿಯ ದಾರಿ ತೋರಿಸಿ ಕೈತೊಳೆದುಕೊಳ್ಳುವುದಲ್ಲ. ನಮ್ಮದೇ ದಾವಣಗೆರೆ ವಿಶ್ವವಿದ್ಯಾನಿಲಯವಿದೆ, 2009ರಲ್ಲಿ ಆದದ್ದು. ಇರುವುದು ತೋಳಹುಣಸೆಯ ಹತ್ತಿರ. ಹುಣಸೆ ಎಂಬ ಮರವೂ ಆಫ್ರಿಕಾದಿಂದಲೇ ಬಂದದ್ದು. ಅಲ್ಲಿಂದ ಬಸ್ಸು ಹತ್ತಿದರೆ ಮುಟ್ಟಬಹುದಾದ ಹಳ್ಳಿಗಳಲ್ಲಿ ಆಫ್ರಿಕಾದ ಹತ್ತು ಪೇಟೆಗಳ ದರ, ಪೊಲೀಸು, ಭಾಷೆ, ಊಟ, ಆಸ್ಪತ್ರೆ ಎಲ್ಲ ಕಂಡುಬಂದ ಹೆಂಗಸರು ಗಂಡಸರು ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಲು ವಿಮಾನದ ಟಿಕೆಟ್ಟು ಬೇಡ. ಎಂ.ಎ. ವಿದ್ಯಾರ್ಥಿಯ ಒಂದು ಕಿರುಪ್ರಬಂಧ ಸಾಕು. ಅದರಲ್ಲಿ ಹೊಗಳಿಕೆಯೇ ತುಂಬಬೇಕೆಂದು ನಾನು ಹೇಳುತ್ತಿಲ್ಲ. ಪ್ರವಾಸಿ ವೀಸಾದ ಮೇಲೆ ವ್ಯಾಪಾರ ಮಾಡಿ ದಂಡ ಕಟ್ಟಿದವರಿದ್ದಾರೆ. ಆ ಎಣ್ಣೆಯಿಂದ ನಿಜವಾಗಿ ಕೂದಲು ಬೆಳೆಯುತ್ತದೆಯೇ ಎಂದು ಕೇಳಿದರೆ ಅವಳೇ ನಗುತ್ತಾಳೆ. ಮಕ್ಕಳ ಓದು ಅರ್ಧಕ್ಕೆ ನಿಂತ ಮನೆಗಳು ಒಂದೆರಡಲ್ಲ. ಇದೆಲ್ಲ ಸೇರಿದ್ದೇ ಅಭಿವೃದ್ಧಿಯ ಅಧ್ಯಯನ. ಮನೆಬಾಗಿಲಲ್ಲೇ ಇದ್ದದ್ದನ್ನು ನಾವು ಹಾಜರಾತಿ ಕೊರತೆ ಎಂದು ಬರೆದುಕೊಂಡೆವು.

ಕಳೆದ ಬೇಸಿಗೆಯಲ್ಲಿ ಅವಳು ಅರ್ಜಿ ತುಂಬುವ ಹೊತ್ತಿಗೆ ಚನ್ನಗಿರಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಅಂಗಡಿಯಲ್ಲಿ ಜೊತೆಗೆ ಕೂತಿದ್ದೆ. ಈ ವಿಷಯವನ್ನೇ ಯಾಕೆ ಓದಬೇಕೆಂದಿದ್ದೀರಿ ಎಂದು ಬರೆಯಲು ಒಂದು ಪುಟ ಜಾಗವಿತ್ತು. ಏನು ಬರೆಯಲಿ ಅಂದಳು. ನೋಟಿನ ಕಟ್ಟು ತಂದು ಸಿಕ್ಕಿಕೊಂಡ ದೊಡ್ಡಪ್ಪನಿಂದ ಶುರುಮಾಡು ಅಂದೆ. ಅವಳು ಬರೆಯುತ್ತಾ ಕೂತಳು. ನನಗೆ ನಾನು ಬರೆದ ಆ ಮೂರು ಪದಗಳ ಷರಾ ನೆನಪಾಗುತ್ತಿತ್ತು. ಅದನ್ನು ಬರೆದವನು ನಾನೇ ಎಂದು ಅವತ್ತು ಅವಳಿಗೆ ಹೇಳಿದೆ. "ಗೊತ್ತು ಸರ್" ಅಂದಳು, ತಲೆ ಎತ್ತದೆ.

ಸೀಟು ಸಿಕ್ಕಿತೇ ಎಂದು ನೀವು ಕೇಳಬಹುದು. ಮೊದಲ ಸಲ ಸಿಗಲಿಲ್ಲ. ಮತ್ತೆ ಹಾಕುತ್ತಾಳಂತೆ. ಸದ್ಯ ಮನೆಯವರೊಂದಿಗೆ ತಾಂಜಾನಿಯಾದಲ್ಲಿದ್ದಾಳೆ, ಸ್ವಾಹಿಲಿ ಕಲಿಯುತ್ತಿದ್ದಾಳೆ, ಗುಜರಾತಿ ಅಂಗಡಿಯವರ ಜೊತೆ ವಾಗ್ರಿಯಲ್ಲೇ ಅರ್ಧಂಬರ್ಧ ಮಾತು ನಡೆಯುತ್ತದೆಯಂತೆ.

ಈ ವರ್ಷದ ನನ್ನ ಹಾಜರಾತಿ ಪುಸ್ತಕದಲ್ಲೂ ಎರಡು ಹೆಸರುಗಳ ಮುಂದೆ ಸೊನ್ನೆಗಳಿವೆ. ಷರಾ ಬರೆಯಲು ಇನ್ನೂ ಎರಡು ತಿಂಗಳಿದೆ. ಹೋದ ವಾರ ಅವರ ಪಕ್ಕದಲ್ಲಿ ಕೂರುವ ಹುಡುಗನನ್ನು ಕೇಳಿದೆ: "ಯಾವ ಊರಿಗೆ ಹೋಗಿದ್ದಾರೋ?"